ಚಂದಮ್ಮನ ದನಿ ಮತ್ತು ನನ್ನ ಕಂಪ್ರೆಸರ್‌ಗಳು

ಹಾಡು ರೆಕಾರ್ಡ್ ಮಾಡುವ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲರದೂ ಒಂದೇ ಪ್ರಶ್ನೆ. "ಮೇಡಮ್, ದನಿಗೆ ಯಾವ ಕಂಪ್ರೆಸರ್ ಹಚ್ಚಿದ್ರ ಛಲೋ?" ಅವರ ಕಂಪ್ಯೂಟರಿನಲ್ಲಿ ದನಿಯ ಏರಿಳಿತ ಹಿಡಿಯುವ ಹತ್ತಾರು ಕಂಪ್ರೆಸರ್‌ಗಳಿರುತ್ತವೆ. ಒಂದೊಂದಕ್ಕೂ ಹಳೆಯ ಪೆಟ್ಟಿಗೆಯ ಚಿತ್ರ; ಅದರ ಮೇಲೆ ಅಲ್ಲಾಡುವ ಮುಳ್ಳು, ತಿರುಗುವ ಗುಂಡಿ, ಮೂಲೆಯಲ್ಲಿ ಬಣ್ಣ ಹೋದ ಸ್ಕ್ರೂ ಕೂಡ. ನಾನು ಒಂದು ಹೆಸರು ಹೇಳಿಬಿಟ್ಟರೆ ಅವರ ಕೆಲಸ ಮುಗಿಯುತ್ತದೆ. ನನಗೆ ಹಾಗೆ ಹೇಳಲು ಬರುವುದಿಲ್ಲ. ಫೋನಿನಲ್ಲಿ ಈಗ ಸರಿಯಾಗಿ ಕೇಳಿಸುವುದೂ ಇಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನನ್ನ ಹೆಸರು ಸುವರ್ಣಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಜೇವರ್ಗಿ ಕಾಲೋನಿಯ ಒಂದು ಸ್ಟುಡಿಯೊಕ್ಕೆ ಸೇರಿದಾಗ ಅದು ಕ್ಯಾಸೆಟ್ಟಿನ ಕಾಲ; ಕಲಬುರಗಿಯನ್ನು ಎಲ್ಲರೂ ಗುಲಬರ್ಗಾ ಎನ್ನುತ್ತಿದ್ದರು. ಸ್ಟುಡಿಯೊದ ಮಾಲಕರು ವೀರಣ್ಣ ಸರ್. ಬಟ್ಟೆ ವ್ಯಾಪಾರದ ಮನೆತನದವರು. ಸಂಗೀತದ ಹುಚ್ಚಿಗೆ ತಮ್ಮ ಮನೆಯ ಮೊದಲ ಮಹಡಿಯ ಗೋಡೆಗಳಿಗೆ ಗೋಣಿತಟ್ಟು, ಹತ್ತಿ, ಕಾರ್ಪೆಟ್ಟು ಬಡಿದು ಸ್ಟುಡಿಯೊ ಮಾಡಿದ್ದರು. ಕೆಳಗೆ ಹಲ್ಲಿನ ಡಾಕ್ಟರರ ದವಾಖಾನೆ, ಹಿಂದಿನ ಮನೆಯಲ್ಲಿ ಮಕ್ಕಳ ಟ್ಯೂಷನ್. ನನ್ನನ್ನು ತೆಗೆದುಕೊಂಡದ್ದು ಕ್ಯಾಸೆಟ್ಟುಗಳಿಗೆ ಚೀಟಿ ಹಚ್ಚಲು. ಆಗಿದ್ದ ಎಂಜಿನಿಯರ್ ಒಂದು ದಿನ ಹೇಳದೆ ಕೇಳದೆ ಹೈದರಾಬಾದಿಗೆ ಹೋಗಿಬಿಟ್ಟರು. ಹೊರಗೆ ಹಾಡುವವರು ಬಂದು ಕುಳಿತಿದ್ದರು. ಹೆಂಗಸರನ್ನೆಲ್ಲ ಮರ್ಯಾದೆಗೆ ಬಾಯಿ ಎಂದೇ ಕರೆಯುವ ವೀರಣ್ಣ ಸರ್ ನನ್ನತ್ತ ನೋಡಿ, "ಡಿಪ್ಲೊಮಾ ಮಾಡೀರಿಲ್ಲ ಬಾಯಿ, ಕುಂದರ್ರಿ ನೀವೇ" ಎಂದರು. ಕುಳಿತೆ. ಮತ್ತೆ ಎದ್ದದ್ದು ಮೂವತ್ತು ವರ್ಷ ದಾಟಿದ ಮೇಲೆ.

ನಡುವೆ ದೊಡ್ಡ ಗಾಜು. ಆಚೆ ಹಾಡುವವರು, ತಬಲಾ, ಹಾರ್ಮೋನಿಯಂ, ಚಹಾ, ನಗೆ. ಈಚೆ ನಾನೊಬ್ಬಳೇ. ಮೈಕು ತೆರೆದಿದ್ದರೆ ಮಾತ್ರ ಅವರ ಮಾತು ನನಗೆ ಕೇಳುತ್ತಿತ್ತು. ನಾನು ಗುಂಡಿ ಒತ್ತಿ ಮಾತಾಡಿದರೆ ಅವರು ಬೆಚ್ಚಿ ಮೇಲೆ ಚಾವಣಿ ನೋಡುತ್ತಿದ್ದರು, ಅಲ್ಲಿಂದ ಯಾರೋ ಮಾತಾಡಿದ ಹಾಗೆ. ಹಾಡು ಚೆನ್ನಾಗಿ ಬಂದರೆ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದರು. ನಾನು ವೈರು ಸುತ್ತಿಡುತ್ತಿದ್ದೆ. ಮದುವೆಗೆ ಕೇಳಿಕೊಂಡು ಬಂದ ಎರಡು ಮನೆಯವರು, "ಗಂಡಸರ ನಡುವ ಬಾಗ್ಲ ಹಾಕ್ಕೊಂಡು ಏನ್ ಕೆಲಸ ಅದು?" ಎಂದು ಕೇಳಿ ಹೋದವರು ತಿರುಗಿ ಬರಲಿಲ್ಲ. ಅವರಿಗೆ ಯಾರೂ ಹೇಳಲಿಲ್ಲ, ಆ ಬಾಗಿಲಿನೊಳಗೆ ನನ್ನ ಜೊತೆ ಯಾರೂ ಇರುತ್ತಿರಲಿಲ್ಲ ಎಂದು.

ಕಂಪ್ರೆಸರ್ ಇಲ್ಲದಿದ್ದ ಆ ಮೊದಲ ತಿಂಗಳುಗಳಲ್ಲಿ ನನ್ನ ಕೈಯೇ ಕಂಪ್ರೆಸರ್ ಆಗಿತ್ತು. ಮನುಷ್ಯರ ದನಿ ಒಂದೇ ಸಾಲಿನಲ್ಲಿ ಏರುತ್ತದೆ, ಇಳಿಯುತ್ತದೆ. ಹೆಚ್ಚು ಏರಿದರೆ ಟೇಪಿನ ಮೇಲೆ ಒಡೆದು ಹೋಗುತ್ತದೆ; ಹೆಚ್ಚು ಇಳಿದರೆ ಟೇಪಿನ ಸುಸ್ ಎನ್ನುವ ಸದ್ದಿನಲ್ಲಿ ಮುಳುಗುತ್ತದೆ. ಹಾಡುವವರ ಕುತ್ತಿಗೆಯ ನರ ನೋಡುತ್ತಾ ಕೂರುತ್ತಿದ್ದೆ. ನರ ಬಿಗಿಯಾಯಿತೆಂದರೆ ದನಿ ಏರಲಿದೆ ಎಂದರ್ಥ, ಬೆರಳಿನಿಂದ ತಗ್ಗಿಸುತ್ತಿದ್ದೆ. ಸಡಿಲಾದರೆ ಏರಿಸುತ್ತಿದ್ದೆ. ಕಂಪ್ರೆಸರ್ ಮಾಡುವುದೂ ಇಷ್ಟೇ. ಯಾವ ಎತ್ತರಕ್ಕೆ ಬಂದಾಗ ಹಿಡಿಯಬೇಕು, ಎಷ್ಟು ಒತ್ತಬೇಕು, ಎಷ್ಟು ಬೇಗ ಹಿಡಿಯಬೇಕು, ಎಷ್ಟು ಬೇಗ ಬಿಡಬೇಕು. ಮೊದಲ ಎರಡನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಸುತ್ತಾರೆ. ಹಿಡಿಯುವ ವೇಗ, ಬಿಡುವ ವೇಗ ಕಲಿಯಲು ನನ್ನ ಅರ್ಧ ಆಯುಷ್ಯ ಹೋಯಿತು.

ನನ್ನ ಕೈ ನೋಯುವುದನ್ನು ಕಂಡು ವೀರಣ್ಣ ಸರ್ ಎಲ್ಲಿಂದಲೋ ಒಂದು ಹಳೆಯ ಕಂಪ್ರೆಸರ್ ತಂದರು. ಅದು ಕೆಟ್ಟಿತ್ತು. ರಿಪೇರಿಗೆಂದು ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಆಟೊ ಹತ್ತಿ, "ಕಪನೂರದಾಗ ಕಂಪ್ರೆಸರ್ ರಿಪೇರಿ ಮಾಡೋರ ಹಂತ್ಯಾಕ ಬಿಡ್ರಿ" ಎಂದೆ. ಆಟೊದವನು ನೇರವಾಗಿ ಲಾರಿ ಟೈರಿಗೆ ಗಾಳಿ ಹಾಕುವ ಯಂತ್ರಗಳ ಅಂಗಡಿಗೆ ಒಯ್ದು ಇಳಿಸಿದ. ಅಂಗಡಿಯವರು ನನ್ನ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಷ್ಟು ಪೌಂಡ್ ಗಾಳಿ ಹಿಡಿತದ್ರಿ ಬಾಯಿ?" ಎಂದು ಕೇಳಿದರು. ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಆದರೂ ನಾಲ್ಕು ಶೆಡ್ ಆಚೆ ಸ್ಟೆಬಿಲೈಸರ್ ಮಾಡುವ ಖಾದರ್ ಸಾಬರನ್ನು ತೋರಿಸಿದರು.

ಖಾದರ್ ಸಾಬರಿಗೆ ಆಗಲೇ ಅರವತ್ತರ ಹತ್ತಿರ. ಪೆಟ್ಟಿಗೆ ಬಿಚ್ಚಿ ಮೂಸಿ ನೋಡಿ, "ಇದರ ಚಿಪ್ ಸುಟ್ಟು ಹೋಗ್ಯದ ಬೇಟಿ, ಇಲ್ಲಿ ಸಿಗಲ್ಲ. ಇದು ಮಾಡೋ ಕೆಲಸ ಏನು, ಅದು ಹೇಳು" ಎಂದರು. ಹೇಳಿದೆ. ಅವರು ಬೀಡಿ ಹಚ್ಚಿ, "ಅಂದ್ರ ದನಿ ಜಾಸ್ತಿ ಆದ್ರ ದನೀನೇ ತನ್ನ ಕೈ ಹಿಡಿಬೇಕು. ಹೌದಿಲ್ಲೊ?" ಎಂದರು. ನಾನು ಹೌದೆಂದೆ.

ಎರಡು ವಾರದ ಮೇಲೆ ಅವರು ಕೊಟ್ಟದ್ದು ಒಂದು ಹಲ್ಲುಪುಡಿಯ ತಗಡಿನ ಡಬ್ಬಿ, ಅದರಿಂದ ಹೊರಟ ನಾಲ್ಕು ವೈರು. ಡಬ್ಬಿಯ ಒಳಗೆಲ್ಲ ಕಪ್ಪು ಬಣ್ಣ. ಒಂದು ಕಡೆ ಸಣ್ಣ ಬಲ್ಬು, ಎದುರಿಗೆ ಬೆಳಕು ಕಂಡರೆ ಬದಲಾಗುವ ಒಂದು ಪುಟ್ಟ ಬಿಲ್ಲೆ. ದನಿ ಏರಿದರೆ ಬಲ್ಬು ಹೊತ್ತಿಕೊಳ್ಳುತ್ತದೆ. ಬಿಲ್ಲೆ ಆ ಬೆಳಕನ್ನು ನೋಡಿ ದನಿಯನ್ನು ತಗ್ಗಿಸುತ್ತದೆ. "ಒಳಗ ಪೂರಾ ಅಂಧೇರಾ ಇರಬೇಕು, ಮುಚ್ಚಳ ತಗಿಬ್ಯಾಡ" ಎಂದು ಎಚ್ಚರಿಸಿ ಕಳಿಸಿದರು. ನೀವು ಇಂದು ಆಪ್ಟಿಕಲ್ ಎಂದು ಆರಿಸುವ ಕಂಪ್ರೆಸರ್‌ನ ಮೈ ಇದೇ. ಬಲ್ಬು ತಕ್ಷಣ ಪೂರ್ತಿ ಹೊತ್ತುವುದಿಲ್ಲ, ತಕ್ಷಣ ಆರುವುದೂ ಇಲ್ಲ. ಬಿಲ್ಲೆಯಂತೂ ಬೆಳಕು ಹೋದ ಮೇಲೂ ಸ್ವಲ್ಪ ಹೊತ್ತು ಅದನ್ನು ನೆನಪಿಟ್ಟುಕೊಂಡಿರುತ್ತದೆ. ಮೊದಲು ಬೇಗ ಬಿಟ್ಟು, ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಅದಕ್ಕೇ ಅದರಲ್ಲಿ ಹಾದು ಬಂದ ದನಿಯನ್ನು ಯಾರೋ ತಡೆದರು ಅನಿಸುವುದಿಲ್ಲ.

ಅದು ಬಂದ ಮೊದಲ ತಿಂಗಳಲ್ಲೇ ನಾನು ಒಂದು ಕೆಲಸ ಕೆಡಿಸಿದೆ. ಒಂದು ಭಜನಾ ಮೇಳದ ಕ್ಯಾಸೆಟ್ಟು. ಯಂತ್ರ ಬಂದ ಖುಷಿಯಲ್ಲಿ ಹೆಚ್ಚು ಒತ್ತಿ, ತಗ್ಗಿದ್ದನ್ನೆಲ್ಲ ಮೇಲಕ್ಕೆತ್ತಿ ರೆಕಾರ್ಡ್ ಮಾಡಿದೆ. ಹಾಡುವವರು ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳಲು ನಿಂತಾಗ ಯಂತ್ರ ಹಿಡಿತ ಬಿಡುತ್ತದೆ. ಬಿಟ್ಟಾಗ ಕೋಣೆಯಲ್ಲಿರುವ ಸಣ್ಣ ಸದ್ದೆಲ್ಲ ಮೇಲೇಳುತ್ತದೆ. ನನಗೆ ಅದು ಗಮನಕ್ಕೇ ಬರಲಿಲ್ಲ. ಕ್ಯಾಸೆಟ್ಟು ಹೊರಬಿದ್ದ ಮೇಲೆ ನಿವೃತ್ತ ಮಾಸ್ತರರೊಬ್ಬರು ಸ್ಟುಡಿಯೊಕ್ಕೆ ಫೋನ್ ಮಾಡಿದರು. "ಬಾಯಿ, ನಿಮ್ಮ ಭಜನಾದಾಗ ನಡನಡುವ ಹದಿನೇಳೈದ್ಲಿ ಎಂಬತ್ತೈದು ಅಂತ ಯಾರು ಹೇಳ್ಲಾಕತ್ತಾರ?"

ಹಿಂದಿನ ಮನೆಯ ಟ್ಯೂಷನ್ ಮಕ್ಕಳು. ದೇವರ ಹೆಸರಿನ ಎರಡು ಸಾಲಿನ ನಡುವೆ ಸ್ಪಷ್ಟವಾಗಿ ಹದಿನೇಳರ ಮಗ್ಗಿ. ನಾನು ಅಳುತ್ತಾ ವೀರಣ್ಣ ಸರ್ ಮುಂದೆ ನಿಂತೆ. ಅವರು ಕ್ಯಾಸೆಟ್ಟು ಹಾಕಿ ಎರಡು ಸಲ ಕೇಳಿ, "ಲೆಕ್ಕ ಅಂತೂ ಬರೋಬ್ಬರಿ ಅದ, ಬಿಡ್ರಿ" ಎಂದರು. ಅವತ್ತಿನಿಂದ ನಾವು ದನಿಯನ್ನು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ರೆಕಾರ್ಡ್ ಮಾಡಿದೆವು. ಡಾಕ್ಟರರು ಊಟಕ್ಕೆ ಹೋಗಿರುತ್ತಿದ್ದರು. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಿದ್ದರು. ಕಾಲೋನಿಯೆಲ್ಲ ಮಲಗಿದ ಆ ಮೂರು ತಾಸುಗಳನ್ನು ನಾನು ಕೇಳಿದಷ್ಟು ಈ ಊರಿನಲ್ಲಿ ಬೇರೆ ಯಾರೂ ಕೇಳಿರಲಿಕ್ಕಿಲ್ಲ.

ಚಂದಮ್ಮ ಬಂದದ್ದು ಅಂಥ ಒಂದು ಮಧ್ಯಾಹ್ನ. ಕಮಲಾಪುರದ ಬಾಳೆತೋಟಗಳಲ್ಲಿ ಕೂಲಿ ಮಾಡುವ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಅವರ ಓಣಿಯ ಬುದ್ಧವಿಹಾರದಲ್ಲಿ ಹಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬರುವಾಗ ನಮಗೆಂದು ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತಂದಿದ್ದಳು. ಎಲ್ಲರೂ ಹಣ್ಣನ್ನು ವೀರಣ್ಣ ಸರ್ ಕೈಗೆ ಕೊಡುತ್ತಾರೆ. ಅವಳು ಗಾಜಿನ ಈಚೆ ಬಂದು ಒಂದನ್ನು ಮುರಿದು ನನ್ನ ಕೈಗಿಟ್ಟಳು. "ನೀವೊಬ್ರೇ ಕುಂತೀರಲ್ರಿ ಬಾಯಿ ಇಲ್ಲಿ, ಬ್ಯಾಸರ ಆಗಲ್ಲೇನು?" ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ರೂಢಿ ಆಗ್ಯದ್ರಿ" ಎಂದೆ.

ಅವಳ ದನಿ ತೋಟದಲ್ಲಿ ಬೆಳೆದದ್ದು. ಈ ಸಾಲಿನವರು ಹಾಡಿದರೆ ಆ ಸಾಲಿನವರಿಗೆ ಕೇಳಬೇಕು, ಅಂಥ ದನಿ. ಮೊದಲ ಸಾಲಿಗೇ ನನ್ನ ಮೀಟರಿನ ಮುಳ್ಳು ಬಡಿದು ನಿಂತಿತು. ಆದರೆ ಮುಂದಿನ ಸಾಲಿಗೆ ಅವಳು ತಾನಾಗಿಯೇ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು, ಮುಖ ಪಕ್ಕಕ್ಕೆ ತಿರುಗಿಸಿದಳು. ಮೆಲ್ಲನೆ ಹಾಡುವಲ್ಲಿ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಖಾದರ್ ಸಾಬರ ಡಬ್ಬಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಅವಳು ಎಲ್ಲಿಯೋ ಮೈಮರೆತಾಗ ಮಾತ್ರ ಮೆತ್ತಗೆ ಹಿಡಿದು ಬಿಡುತ್ತಿತ್ತು. ಆ ಕ್ಯಾಸೆಟ್ಟು ನಮ್ಮ ಸೀಮೆಯಲ್ಲೆಲ್ಲ ಓಡಿತು.

ಮೂರು ವರ್ಷದ ಮೇಲೆ ಅವಳು ಎರಡನೇ ಕ್ಯಾಸೆಟ್ಟಿಗೆ ಬಂದಳು. ಅಷ್ಟರಲ್ಲಿ ನಮ್ಮಲ್ಲಿ ಹೊಸ ಯಂತ್ರ ಬಂದಿತ್ತು. ಬಲ್ಬಿನದಲ್ಲ, ಟ್ರಾನ್ಸಿಸ್ಟರಿನದು, ನೀವು ಫೆಟ್ ಎನ್ನುವ ಜಾತಿ. ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ ಹಿಡಿದು ಬಿಡುವಷ್ಟು ಚುರುಕು. ಹಲಗಿಗೆ ಹಚ್ಚಿದರೆ ಪ್ರತಿ ಪೆಟ್ಟೂ ಎದೆಗೆ ಬಂದು ಬಡಿಯುತ್ತಿತ್ತು. ಜೊತೆಗೆ ತನ್ನದೊಂದು ಒರಟುತನವನ್ನೂ ದನಿಗೆ ಸೇರಿಸುತ್ತಿತ್ತು. ಆ ಒರಟು ನನಗೆ ಬಹಳ ಹಿಡಿಸಿತು. ಹಲಗಿಯವರು, "ಬಾಯಿ ಕೈಯಾಗ ಜಾದೂ ಅದ" ಎಂದು ಹೊಗಳಿದರು. ಗಾಜಿನ ಈಚೆ ಕುಳಿತವರಿಗೆ ಹೊಗಳಿಕೆ ಅಪರೂಪ. ಅದು ನನ್ನ ತಲೆಗೇರಿತು.

ವೀರಣ್ಣ ಸರ್‌ಗೆ ಬೇಕಾದದ್ದು ಮೆರವಣಿಗೆಯ ಟೆಂಪೊಗಳ ಮೇಲೆ ಹಾಕಿದರೂ ಪ್ರತಿ ಅಕ್ಷರ ಕೇಳುವ ಕ್ಯಾಸೆಟ್ಟು. "ಎಲ್ಲಾ ಒಂದೇ ಸಮ ಕೇಳಸಬೇಕ್ರಿ, ಹೆಚ್ಚಿಲ್ಲ ಕಮ್ಮಿಲ್ಲ" ಎಂದರು. ಬಲ್ಬಿನ ಡಬ್ಬಿಯನ್ನು ಬದಿಗಿಟ್ಟು ಚಂದಮ್ಮನ ದನಿಗೆ ಹೊಸ ಯಂತ್ರ ಹಚ್ಚಿದೆ. ಅತಿ ಬೇಗ ಹಿಡಿಯುವಂತೆ, ಅತಿ ಬೇಗ ಬಿಡುವಂತೆ, ಪೂರ್ತಿ ಒತ್ತಡಕ್ಕೆ ಗುಂಡಿ ತಿರುಗಿಸಿದೆ. ಹಾಗೆ ಒತ್ತಿದ್ದನ್ನೇ ನೇರ ಟೇಪಿಗೆ ಇಳಿಸಿದೆ. ಆಗ ಟ್ರ್ಯಾಕುಗಳು ಕಡಿಮೆ. ಮೂಲ ದನಿಯನ್ನು ಬೇರೆ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಜಾಗವಿದ್ದಿದ್ದರೂ ಇಟ್ಟುಕೊಳ್ಳುತ್ತಿದ್ದೆ ಎಂದು ಎದೆ ಮುಟ್ಟಿ ಹೇಳಲಾರೆ.

ಹಾಡು ಮುಗಿದ ಮೇಲೆ ಅವಳನ್ನು ಈಚೆ ಕರೆದು ಕೇಳಿಸಿದೆ. ಅವಳು ಸೆರಗು ಬಾಯಿಗೆ ಹಿಡಿದು ನಿಂತು ಕೇಳಿದಳು.

"ಇದು ಯಾರ ದನಿರಿ ಬಾಯಿ?"

"ನಿಮ್ದೇ ಅಲ್ರಿ ಮತ್ತ!"

"ನಾ ದೂರ ಸರದು ಹಾಡೀನಿ. ದೂರ ಕೇಳಬೇಕಲ್ಲ? ಇಲ್ಲಿ ನಾ ಎಲ್ಲೂ ಹೋಗೇ ಇಲ್ಲ. ಯಾರೋ ಜುಟ್ಟ ಹಿಡದು ಮೈಕಿನ ಮುಂದ ನಿಂದರಿಸಿದಂಗ ಆಗ್ಯದ."

ಇನ್ನೊಮ್ಮೆ ಹಾಡುತ್ತೇನೆ ಎಂದಳು. ಹೊರಗೆ ಬೇರೆಯವರು ಕಾಯುತ್ತಿದ್ದರು. ನನಗೆ ನನ್ನ ಕೆಲಸದಲ್ಲಿ ತಪ್ಪು ಹುಡುಕಿದಳೆಂಬ ಸಿಟ್ಟು. "ಮಷಿನ್ ಹಂಗೇ ಇರ್ತದ್ರಿ, ನಿಮಗ ತಿಳಿಯಂಗಿಲ್ಲ" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿ, "ಹೌದ್ರಿ ಬಾಯಿ, ನಮಗೇನು ತಿಳಿತದ" ಎಂದಳು. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ವೀರಣ್ಣ ಸರ್ ಎರಡು ಸಲ ಹೇಳಿ ಕಳಿಸಿದರು. ಗಂಟಲು ಸರಿಯಿಲ್ಲ ಎಂದು ಉತ್ತರ ಬಂತು. ಕಮಲಾಪುರ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನಾನು ಹೋಗಲಿಲ್ಲ. ಕ್ಯಾಸೆಟ್ಟು ಟೆಂಪೊಗಳ ಮೇಲೆ ಭರ್ಜರಿಯಾಗಿ ಓಡುತ್ತಿತ್ತು. ರಸ್ತೆಯಲ್ಲಿ ಅದು ಕೇಳಿಬಂದರೆ ಮೊದಮೊದಲು ನಿಲ್ಲುತ್ತಿದ್ದೆ. ಆಮೇಲೆ ಪಕ್ಕದ ಓಣಿ ಹಿಡಿಯತೊಡಗಿದೆ.

ನಂತರದ ವರ್ಷಗಳಲ್ಲಿ ಬಂದ ಯಂತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಣ್ಣ ಚಿಪ್‌ನಿಂದ ನಡೆಯುವ ವಿಸಿಎ ಎಂಬುದು ಬಂತು. ತನ್ನ ಬಣ್ಣ ಏನೂ ಸೇರಿಸದ, ಹೇಳಿದಷ್ಟೇ ಮಾಡುವ ಶಿಸ್ತಿನ ಯಂತ್ರ. ತಬಲಾ, ದನಿ, ಹಾರ್ಮೋನಿಯಂ ಎಲ್ಲವೂ ಸೇರಿದ ಮೇಲೆ ಕೊನೆಗೆ ಇಡೀ ಹಾಡಿಗೆ ಅದನ್ನು ಸ್ವಲ್ಪವೇ ಹಚ್ಚಿದರೆ, ಬೇರೆ ಬೇರೆ ದಿನ ಬಂದು ನುಡಿಸಿ ಹೋದವರೂ ಒಂದೇ ಜಮಖಾನೆಯ ಮೇಲೆ ಕುಳಿತಂತೆ ಆಗುತ್ತಿತ್ತು. ಕೆಲಸಕ್ಕೆಂದು ಹೈದರಾಬಾದಿಗೆ ಹೋದಾಗ ಒಮ್ಮೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವಿನ ಕಂಪ್ರೆಸರ್ ಮುಂದೆ ಅರ್ಧ ತಾಸು ಕುಳಿತಿದ್ದೆ. ಅದು ಇಲ್ಲಿಂದ ಹಿಡಿ ಎಂದು ಗೆರೆ ಹಾಕಿ ನಿಲ್ಲುವುದಿಲ್ಲ. ದನಿ ಏರಿದಷ್ಟೂ ತಾನೂ ಸ್ವಲ್ಪ ಸ್ವಲ್ಪವೇ ಹೆಚ್ಚು ಒತ್ತುತ್ತಾ ಹೋಗುತ್ತದೆ. ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಅದನ್ನು ಯಾರಿಗಾದರೂ ಹೇಳದೆ ಇರಲಾಗದಷ್ಟು ಸಂತೋಷವಾಗಿತ್ತು. ವೀರಣ್ಣ ಸರ್ "ಹೌದಾ?" ಎಂದು ಬಿಟ್ಟಾರು. ಖಾದರ್ ಸಾಬರಿಗೆ ಹೇಳಬೇಕು ಎಂದು ಮರುದಿನವೇ ಕಪನೂರಕ್ಕೆ ಹೋದೆ. ಶೆಡ್ಡಿಗೆ ಬೀಗ. ಗಾಳಿ ಯಂತ್ರದ ಅಂಗಡಿಯವರು, "ಸಾಬ್ರು ಹೋಗಿ ಎರಡು ತಿಂಗಳಾತಲ್ರಿ ಬಾಯಿ, ನಿಮಗ್ಯಾರೂ ಹೇಳಲಿಲ್ಲೇನು?" ಎಂದರು. ಯಾರು ಹೇಳಬೇಕಿತ್ತು? ನಾನು ಅವರಿಗೆ ಯಾರು ಎಂದು ಯಾರಿಗೆ ಗೊತ್ತಿತ್ತು? ಬೀಗದ ಮುಂದೆ ಸ್ವಲ್ಪ ನಿಂತು, ಅದೇ ಆಟೊದಲ್ಲಿ ವಾಪಸು ಬಂದೆ.

ಆಮೇಲೆ ಕಂಪ್ಯೂಟರ್. ಕ್ಯಾಸೆಟ್ಟು ಹೋಯಿತು, ಸಿ.ಡಿ. ಬಂದು ಅದೂ ಹೋಯಿತು. ಕಂಪ್ಯೂಟರಿನ ದೊಡ್ಡ ಉಪಕಾರವೆಂದರೆ ಅದು ಮೂಲ ದನಿಯನ್ನು ಹಾಗೇ ಉಳಿಸುತ್ತದೆ. ಇವತ್ತು ಒತ್ತಿದ್ದನ್ನು ನಾಳೆ ತೆಗೆಯಬಹುದು. ಹೊಸಬರಿಗೆ ಇದು ಎಷ್ಟು ದೊಡ್ಡ ಮಾತೆಂದು ತಿಳಿಯುವುದಿಲ್ಲ. ತಪ್ಪನ್ನು ಹಿಂದಕ್ಕೆ ಪಡೆಯುವ ಗುಂಡಿಯನ್ನು ಮೊದಲ ಸಲ ಒತ್ತಿದ ದಿನ ನಾನು ಸುಮಾರು ಹೊತ್ತು ಆ ಪರದೆಯನ್ನೇ ನೋಡುತ್ತಾ ಕುಳಿತಿದ್ದೆ.

ವೀರಣ್ಣ ಸರ್ ತೀರಿಕೊಂಡ ಮೇಲೂ ಅವರ ಮನೆಯವರು ಸ್ಟುಡಿಯೊವನ್ನು ನನ್ನ ಮೇಲೆ ಬಿಟ್ಟಿದ್ದರು. ಬರುವವರು ಕಡಿಮೆಯಾಗಿದ್ದರು. ಒಂದು ಮಧ್ಯಾಹ್ನ ಖಾಕಿ ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಳು. ಹೆಗಲಿಗೆ ಬಸ್ ಕಂಡಕ್ಟರರ ಚೀಲ.

"ನಾ ಸುಜಾತಾ ಅಂತ್ರಿ. ಕಮಲಾಪುರದ ಚಂದಮ್ಮನ ಮಗಳು. ಅವ್ವ ಹೋದ ವರ್ಷ ತೀರಕೊಂಡಳು."

ನಾನು ಕುರ್ಚಿ ತೋರಿಸಿದೆ. ಅವಳು ಕೂರದೆ ಚೀಲದಿಂದ ಕ್ಯಾಸೆಟ್ಟು ತೆಗೆದಳು. ಎರಡನೆಯದು. ಮೊದಲನೆಯದು ಮನೆಯಲ್ಲಿ ಯಾರದೋ ಕೈಗೆ ಸಿಕ್ಕು ಟೇಪೇ ಹರಿದುಹೋಗಿತ್ತಂತೆ; ಊರೆಲ್ಲ ಕೇಳಿದರೂ ಇನ್ನೊಂದು ಪ್ರತಿ ಸಿಗಲಿಲ್ಲವಂತೆ. ನಮ್ಮಲ್ಲಿದ್ದ ಮೂಲ ಪ್ರತಿ ಒಂದು ಮಳೆಗಾಲದಲ್ಲಿ ಚಾವಣಿ ಸೋರಿ ಹಾಳಾಗಿತ್ತು. ಚಂದಮ್ಮನ ದನಿ ಎಂದು ಭೂಮಿಯ ಮೇಲೆ ಉಳಿದಿದ್ದದ್ದು ನಾನು ಕೆಡಿಸಿದ ಆ ಒಂದೇ.

"ಇದರಾಗ ಅವ್ವ ಕೇಳಸ್ವಲ್ಲಳ್ರಿ" ಎಂದಳು ಸುಜಾತಾ. "ಹಾಡು ಕೇಳಸ್ತದ, ಅವ್ವ ಕೇಳಸ್ವಲ್ಲಳು. ಏನರೆ ಮಾಡಾಕ ಬರ್ತದೇನ್ರಿ?"

ತಾಯಿ ಅವತ್ತು ಏನು ಹೇಳಿ ಹೋದಳು ಎಂಬುದು ಅವಳಿಗೆ ಗೊತ್ತಿಲ್ಲ ಅಂದುಕೊಂಡೆ. ಪ್ರಯತ್ನ ಮಾಡುತ್ತೇನೆ ಎಂದೆ.

ಒತ್ತಿದ ದನಿಯನ್ನು ಬಿಡಿಸುವ ಯಂತ್ರ ಇಲ್ಲ. ಎಲ್ಲಿ ಎಷ್ಟು ಒತ್ತಿತ್ತು ಎಂಬುದು ಟೇಪಿಗೆ ಗೊತ್ತಿರುವುದಿಲ್ಲ. ಉಳಿದ ದಾರಿ ಒಂದೇ: ಅವಳು ಎಲ್ಲಿ ಹಿಂದೆ ಸರಿದಿದ್ದಳು, ಎಲ್ಲಿ ಹತ್ತಿರ ಬಂದಿದ್ದಳು ಎಂದು ನೆನಪು ಮಾಡಿಕೊಂಡು, ಅಕ್ಷರ ಅಕ್ಷರಕ್ಕೂ ಕೈಯಾರೆ ದನಿಯನ್ನು ಏರಿಸಿ ಇಳಿಸುವುದು. ಕಂಪ್ರೆಸರ್ ಇಲ್ಲದ ಆ ಮೊದಲ ತಿಂಗಳುಗಳಲ್ಲಿ ಮಾಡುತ್ತಿದ್ದದ್ದೇ. ಒಂದು ತಿಂಗಳು ಪ್ರತಿ ಮಧ್ಯಾಹ್ನ ಅದನ್ನೇ ಮಾಡಿದೆ. ಖಾಲಿ ಕೋಣೆಯ ಕಡೆ ಗಾಜಿನೊಳಗಿಂದ ನೋಡುತ್ತಾ, ಅವಳು ಅಲ್ಲಿ ನಿಂತಿದ್ದಾಳೆ, ಈಗ ಸರಿದಳು, ಈಗ ಬಂದಳು ಎಂದುಕೊಳ್ಳುತ್ತಾ.

ಸುಜಾತಾ ವಾರದ ರಜೆಯ ದಿನ ಬಂದು ಕೇಳಿದಳು. ಅರ್ಧಕ್ಕೆ ಕೈ ಎತ್ತಿ ನಿಲ್ಲಿಸಿದಳು. "ಇಲ್ಲಿ ಅವ್ವ ಸಣ್ಣ ಮಾಡ್ತಿದ್ದಿಲ್ರಿ. ಇಲ್ಲಿ ಇನ್ನಾ ಏರಸ್ತಿದ್ದಳು. ಹಿಂಗ." ಎದ್ದು ನಿಂತು ತಾನೇ ಹಾಡಿದಳು. ದಿನವಿಡೀ ಊರುಗಳ ಹೆಸರು ಕೂಗಿ ಒಡೆದ ಗಂಟಲು. ಆದರೂ ಯಾವಾಗ ಎದೆ ಉಬ್ಬಿತು, ಯಾವಾಗ ಕುತ್ತಿಗೆ ಬಾಗಿತು ಎಂಬುದನ್ನೆಲ್ಲ ನಾನು ನೋಡಿ ಹಿಡಿದುಕೊಂಡೆ. ಹೀಗೆ ನಾಲ್ಕೈದು ರಜೆಗಳು. ಅವಳು ಹಾಡುವುದು, ನಾನು ಗೆರೆ ತಿದ್ದುವುದು. ಊಟದ ಡಬ್ಬಿ ತರುತ್ತಿದ್ದಳು. ಇಬ್ಬರೂ ಗಾಜಿನ ಒಂದೇ ಕಡೆ ಕುಳಿತು ಉಣ್ಣುತ್ತಿದ್ದೆವು. ಒಮ್ಮೆ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ ಹೇಳಿದಳು: "ಅವ್ವಗ ಗಂಟಲ ಕೆಟ್ಟಿದ್ದಿಲ್ರಿ. ನೀವು ಕರ್ದಿದ್ರ ಬರ್ತಿದ್ದಳು. ಸಾವ್ಕಾರ್ರು ಕರ್ದಾರ, ಬಾಯಿ ಕರ್ದಿಲ್ಲ ಅಂತಿದ್ದಳು." ಎಲ್ಲವೂ ಅವಳಿಗೆ ಮೊದಲಿನಿಂದ ಗೊತ್ತಿತ್ತು.

ಕೊನೆಯ ದಿನ ಹಾಡು ಪೂರ್ತಿ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ, "ಈಗ ಅವ್ವ ಅಡ್ಡಾಡ್ಲಾಕತ್ತಾಳ್ರಿ" ಎಂದಳು. ಆಮೇಲೆ ಸಂಕೋಚದಿಂದ, "ಒಂದ್ ಕೇಳ್ಲೇನ್ರಿ? ಸ ಅಂದಲ್ಲೆಲ್ಲಾ ಕಿವಿಗೆ ಸೂಜಿ ಚುಚ್ಚಿದಂಗ ಆಗ್ತದ. ನಡುವೊಂದು ಸೀಟಿ ಊದಿದಂಗೂ ಕೇಳಸ್ತದ. ಅದು ಹಂಗೇ ಇರಬೇಕೇನು?" ಎಂದಳು.

ನನಗೆ ಯಾವ ಸೂಜಿಯೂ ಇರಲಿಲ್ಲ, ಯಾವ ಸೀಟಿಯೂ ಇರಲಿಲ್ಲ. ಮತ್ತೊಮ್ಮೆ ಹಾಕಿದೆ. "ಈಗ ನೋಡ್ರಿ... ಈಗ" ಎಂದು ಅವಳು ಬೆರಳೆತ್ತಿದಲ್ಲೆಲ್ಲ ನನಗೆ ಬರೀ ಮೆತ್ತನೆಯ ದನಿ. ದನಿ ಮಂದವಾಗಿದೆ ಎಂದು ತಿಂಗಳಿಡೀ ನಾನು ಮೇಲಿನ ಸ್ವರಗಳನ್ನು ಏರಿಸುತ್ತಲೇ ಬಂದಿದ್ದೆ. ಮಂದವಾಗಿದ್ದದ್ದು ದನಿಯಲ್ಲ, ನನ್ನ ಕಿವಿ. ಅವಳು ಹೇಳಿದಂತೆ, ಅವಳ ಕಿವಿಯನ್ನೇ ನಂಬಿ, ಇಳಿಸುತ್ತಾ ಬಂದೆ. ಅವಳು "ಸಾಕ್ರಿ" ಎಂದಲ್ಲಿ ನಿಲ್ಲಿಸಿದೆ. ಪ್ರತಿ ಮಾಡಿ ಕೊಟ್ಟೆ. ಅದೇ ನನ್ನ ಕೊನೆಯ ಕೆಲಸ. ಆ ವಾರವೇ ವೀರಣ್ಣ ಸರ್ ಮನೆಯವರಿಗೆ ಬೀಗದ ಕೈ ಒಪ್ಪಿಸಿದೆ. ಯಾವ ಸಮಾರಂಭವನ್ನೂ ಮಾಡಬೇಡಿ ಎಂದೆ. ಅವರು ಮಾಡುವ ಯೋಚನೆಯಲ್ಲೂ ಇರಲಿಲ್ಲ.

ಒಂದು ವರ್ಷ ಕಿವುಡಿಯಾಗಿಯೇ ಇದ್ದೆ. ಒಬ್ಬರೇ ಇರುವವರಿಗೆ ಕಿವುಡು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಕೊನೆಗೆ ಹಿಂದಿನಿಂದ ಬಂದ ಸ್ಕೂಟರು ತಾಗಿ ಬಿದ್ದ ಮೇಲೆ, ಕಾಲೋನಿಯಲ್ಲೇ ಇರುವ ಶ್ರವಣ ತಜ್ಞೆಯ ಬಳಿ ಹೋಗಿ ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡೆ. ಮನೆಗೆ ಬಂದು ಬಾಗಿಲು ಹಾಕಿದೆ. ಫ್ರಿಜ್ಜು ಗುಡುಗಿತು. ಫ್ಯಾನು, ಟ್ಯೂಬ್‌ಲೈಟಿನ ಚೋಕು, ನಲ್ಲಿಯ ಹನಿ, ನನ್ನದೇ ಸೀರೆಯ ಸರಸರ ಎಲ್ಲವೂ ಒಂದರ ಹಿಂದೆ ಒಂದು ಎದ್ದು ಬಂದವು. ಬಾಗಿಲು ತೆರೆದಾಗ ರಸ್ತೆಯ ಸದ್ದು ಒಳನುಗ್ಗಿ ಅವೆಲ್ಲ ತಗ್ಗಿದವು; ಮುಚ್ಚಿದ ಕೂಡಲೇ ಮತ್ತೆ ಎದ್ದವು. ಕುರ್ಚಿಯ ಮೇಲೆ ಕುಳಿತು ಬೆರಳೆಣಿಸಿ ನೋಡಿದೆ. ಬೇಗ ಹಿಡಿಯುತ್ತಿದೆ, ಬೇಗ ಬಿಡುತ್ತಿದೆ. ಕಂಪ್ರೆಸರ್.

ಮರುದಿನ ಹೋಗಿ ಆ ಎಳೆಯ ತಜ್ಞೆಗೆ, "ಬಿಡೋ ವೇಗ ಕಮ್ಮಿ ಮಾಡ್ರಿ" ಎಂದೆ. ಅವಳು ಪೆನ್ನು ಕೆಳಗಿಟ್ಟು, "ಇದು ನಿಮಗ ಹೆಂಗ್ ಗೊತ್ರಿ ಆಂಟಿ?" ಎಂದಳು. ಹೇಳಿದೆ. ಅವಳು ಆಸಕ್ತಿಯಿಂದ ಕೇಳಿದಳು. ಆಮೇಲೆ, "ಸೆಟ್ಟಿಂಗ್ ಬರೋಬ್ಬರಿ ಕುಂದರಬೇಕಂದ್ರ ನಿಮ್ಮ ಜೋಡಿ ದಿನಾ ಮಾತಾಡೋರ್ನ ಒಬ್ಬರ್ನ ಕರ್ಕೊಂಡು ಬರ್ರಿ. ಅವರ ದನಿ ಇಟ್ಕೊಂಡು ಮಾಡ್ತೀನಿ. ಮನ್ಯಾಗ ಯಾರ್ಯಾರು ಇರ್ತೀರಿ?" ಎಂದಳು.

ಆ ಪ್ರಶ್ನೆಯನ್ನು ಅವಳು ಎಲ್ಲರಿಗೂ ಕೇಳುತ್ತಾಳೆ. ನಾನು ಬರುತ್ತೇನೆ ಎಂದು ಎದ್ದು ಬಂದೆ. ನಾಲ್ಕು ದಿನ ಯೋಚಿಸಿದೆ. ಐದನೆಯ ದಿನ ಸುಜಾತಾಳಿಗೆ ಫೋನ್ ಮಾಡಿದೆ. ಕೆಲಸಕ್ಕಲ್ಲದೆ ನಾನು ಯಾರನ್ನಾದರೂ ಬಾ ಎಂದು ಕರೆದದ್ದು ಅದೇ ಮೊದಲು.

ಎರಡು ಟ್ರಿಪ್ಪಿನ ನಡುವೆ ಖಾಕಿಯಲ್ಲೇ ಬಂದಳು. ಶ್ರವಣ ತಜ್ಞೆ ಅವಳನ್ನು ನನ್ನಿಂದ ಎರಡು ಮಾರು ದೂರ ಕೂರಿಸಿ, ಫಾರಂ ತುಂಬುತ್ತಾ, "ಇವರು ನಿಮಗ ಏನಾಗಬೇಕ್ರಿ?" ಎಂದು ನನ್ನನ್ನು ಕೇಳಿದಳು. ಸುಜಾತಾಳೇ, "ಬಾಯಾರು ನಮ್ಮವ್ವನ ಹಾಡು ತಗದವರ್ರಿ" ಎಂದಳು. ನಮ್ಮ ಕಡೆ ರೆಕಾರ್ಡ್ ಮಾಡುವುದಕ್ಕೂ ತಗಿಯೋದು ಎನ್ನುತ್ತಾರೆ, ಕಿತ್ತುಕೊಳ್ಳುವುದಕ್ಕೂ ಅದನ್ನೇ ಎನ್ನುತ್ತಾರೆ. ಅವಳ ಮುಖ ನೋಡಿದೆ, ಸುಮ್ಮನೆ ಹೇಳಿದ್ದಳು. ಶ್ರವಣ ತಜ್ಞೆ ಸ್ವಲ್ಪ ಯೋಚಿಸಿ, ಪರಿಚಯದವರು ಎಂದು ಬರೆದುಕೊಂಡಳು. ಸುಜಾತಾ ಅರ್ಧ ತಾಸು ಬಸ್ಸಿನ ಸುದ್ದಿ, ಸಂತೆಯ ಸುದ್ದಿ, ಮಗಳ ಪರೀಕ್ಷೆಯ ಸುದ್ದಿ ಹೇಳುತ್ತಾ ಹೋದಳು. ಅವಳ ದನಿಗೆ ಯಂತ್ರ ಕೂಡಿತು. "ಡ್ಯೂಟಿಗೆ ಹೊತ್ತಾತ್ರಿ" ಎಂದು ಎದ್ದು ಹೋದಳು.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಹೇಳುವುದು ಇಷ್ಟೇ. ಮೂಲ ದನಿಯನ್ನು ಮುಟ್ಟದೆ ಒಂದು ಕಡೆ ಇಟ್ಟುಕೊಳ್ಳಿ. ಹಾಡಿದವರು ಇದು ನನ್ನ ದನಿಯಲ್ಲ ಎಂದರೆ ಗುಂಡಿಯಿಂದ ಕೈ ತೆಗೆದು ಅವರ ಮಾತು ಕೇಳಿ. ಆಮೇಲೆ ಯಾವ ಕಂಪ್ರೆಸರ್ ಬೇಕಾದರೂ ಹಚ್ಚಿ.

ಕಿವಿ ಯಂತ್ರಕ್ಕೆ ರೂಢಿಯಾಗಲಿ ಎಂದು ದಿನಾ ಅರ್ಧ ತಾಸು ಗಟ್ಟಿಯಾಗಿ ಏನಾದರೂ ಓದಿಕೊಳ್ಳಲು ಶ್ರವಣ ತಜ್ಞೆ ಹೇಳಿದ್ದಾಳೆ.

ಬೆಳಿಗ್ಗೆ ಚಹಾ ಕುಡಿದು ಪೇಪರ್ ಹಿಡಿದು ಕೂರುತ್ತೇನೆ. ಮಳೆ, ಬಸ್ ವೇಳಾಪಟ್ಟಿ, ತೊಗರಿಯ ಧಾರಣೆ, ಏನಿದ್ದರೂ ಓದುತ್ತೇನೆ. ಸಾವಿರಾರು ದನಿಗಳನ್ನು ಕೇಳಿದ್ದೇನೆ; ನನ್ನದನ್ನು ಹೀಗೆ ಕುಳಿತು ಕೇಳಿದ್ದು ಈಗಲೇ. ಸಾಲಿನ ಕೊನೆಗೆ ಸ್ವಲ್ಪ ನಡುಗುತ್ತದೆ. ಕೆಲವು ಅಕ್ಷರ ಗಂಟಲಲ್ಲೇ ಉಳಿಯುತ್ತವೆ; ಕೆಲವು, ಯಾರೋ ಆಚೆ ಕೋಣೆಯಲ್ಲಿ ಇದ್ದಾರೇನೋ ಎಂಬಂತೆ, ಕಾರಣವಿಲ್ಲದೆ ಜೋರಾಗುತ್ತವೆ. ಇದು ಮೈಕಿನ ಮುಂದೆ ಬಂದಿದ್ದರೆ ನಾನು ಯಾವ ಯಂತ್ರವನ್ನೂ ಹಚ್ಚುತ್ತಿರಲಿಲ್ಲ. ಹೀಗೇ ಬಿಡುತ್ತಿದ್ದೆ.